ನಿತ್ಯಚಕ್ರದ ಮಹನೀಯರಿಗೆ, ಶಿವನಸಮುದ್ರದ ಬ್ಲಫ್‌ನಿಂದ

ಮಾನ್ಯ ಆವಿಷ್ಕಾರಕರೇ,

ತಮ್ಮ ವಿಡಿಯೋ ನಮ್ಮ ಮಳವಳ್ಳಿ ಕಡೆಯ ಮೊಬೈಲುಗಳಿಗೂ ಬಂದಿದೆ. ಮೋಟಾರು ಭಾರದ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಜನರೇಟರನ್ನು, ಜನರೇಟರು ಮತ್ತೆ ಅದೇ ಮೋಟಾರನ್ನು. ಮಿಕ್ಕ ಕರೆಂಟಿನಲ್ಲಿ ಆಲೆಮನೆಯ ಗಾಣ! ಡೀಸೆಲ್ ಬೇಡ, ಬಿಲ್ ಬೇಡ. ಮುಂಗಡ ಮಾತ್ರ ಬೇಕು.

ತಮ್ಮ ವಿಳಾಸ ಗೊತ್ತಿಲ್ಲದೆ ನಮ್ಮ ಹಿರಿಯರು ಎಷ್ಟು ಪಾಡು ಪಟ್ಟರು ನೋಡಿ. 1902ರಲ್ಲಿ ಇಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಚಕ್ರವನ್ನು ಗಣಿಯ ಬಾಯಲ್ಲೇ ನಿಲ್ಲಿಸಿದ್ದರೆ ಅಷ್ಟುದ್ದದ ತಂತಿಯಾದರೂ ಉಳಿಯುತ್ತಿತ್ತು. ತಂತಿ ಬಿಸಿಯಾಗಿ ಶಕ್ತಿ ದಾರಿಯಲ್ಲೇ ಸೋರೀತೆಂದು ಅವರು ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿದರು. ವೋಲ್ಟೇಜು ಎರಡು ಪಟ್ಟಾದರೆ ತಂತಿಯಲ್ಲಿ ಹರಿಯುವ ಕರೆಂಟು ಅರ್ಧಕ್ಕಿಳಿದು, ಬಿಸಿ ಕಾಲು ಭಾಗಕ್ಕಿಳಿಯುತ್ತದೆ. ಇನ್ನು ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಇಲ್ಲಿನ ಟರ್ಬೈನೂ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಅದೂ ಒಂದು ಕಾರಣ.

ಬಿದ್ದ ನೀರನ್ನು ಅದೇ ಕರೆಂಟಿನಿಂದ ಮತ್ತೆ ಮೇಲೆತ್ತಬಾರದೇ ಎಂದೀರಿ. ಹಾಗೆ ನೀರೆತ್ತುವ ಸ್ಥಾವರಗಳೂ ಜಗತ್ತಿನಲ್ಲಿವೆ. 100 ಯೂನಿಟ್ ನುಂಗಿ ಸುಮಾರು 75-80 ವಾಪಸು ಕೊಡುತ್ತವೆ, ನೂರಂತೂ ಅಲ್ಲ. ಉಳಿದದ್ದು ಪೈಪಿನ ತಿಕ್ಕಾಟದಲ್ಲಿ, ಬೇರಿಂಗಿನಲ್ಲಿ, ತಾಮ್ರದ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಗಗನಚುಕ್ಕಿಯಲ್ಲಿ ಸುಮ್ಮನೆ ಧುಮುಕುವ ನೀರೂ ಬಿಸಿಯಾಗುತ್ತದೆ, ಆದರೆ 1 ಡಿಗ್ರಿ ಏರಬೇಕಾದರೆ 427 ಮೀಟರ್ ಬೀಳಬೇಕು. ನಮ್ಮ ಜಲಪಾತದ ಎತ್ತರಕ್ಕೆ ಕಾಲು ಡಿಗ್ರಿ ಸಿಕ್ಕಿದರೆ ಹೆಚ್ಚು. ಆ ಬಿಸಿಯನ್ನು ಕೂಡಿಸಿ ಕಾಫಿ ಕಾಯಿಸಿದವರನ್ನು ನಾನಂತೂ ಕಂಡಿಲ್ಲ. ನೀರನ್ನು ಕೊಡಗಿನ ಬೆಟ್ಟಕ್ಕೆ ಮತ್ತೆ ಹೊತ್ತೊಯ್ಯುವವನು ಸೂರ್ಯ. ಅವನು ಬಿಲ್ ಕಳಿಸುವುದಿಲ್ಲ, ಅಷ್ಟೆ.

ತಾವು ಭಾಸ್ಕರಾಚಾರ್ಯರ ಹೆಸರನ್ನೂ ಎಳೆದು ತರುತ್ತೀರಿ. 1150ರ 'ಸಿದ್ಧಾಂತಶಿರೋಮಣಿ'ಯಲ್ಲಿ ಟೊಳ್ಳು ಅರಗಳಿಗೆ ಅರ್ಧ ಪಾದರಸ ತುಂಬಿದ ಚಕ್ರದ ವರ್ಣನೆ ಇರುವುದು ನಿಜ. ಆದರೆ ಒಂದು ಬದಿಯಲ್ಲಿ ಇಳಿದ ಪಾದರಸ ಇನ್ನೊಂದು ಬದಿಯಲ್ಲಿ ಹತ್ತಲೇಬೇಕು. ಗಳಿಕೆ ಸೊನ್ನೆ, ಅಚ್ಚಿನ ತಿಕ್ಕಾಟ ನಷ್ಟ. ಆಚಾರ್ಯರು ಅದಕ್ಕೆ ಮುಂಗಡ ಕೇಳಿದ ದಾಖಲೆಯಂತೂ ಇಲ್ಲ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳ ಅರ್ಜಿ ನೋಡುವುದಿಲ್ಲ ಎಂದುಬಿಟ್ಟಿತು. ನಾವು ಅಷ್ಟು ನಿಷ್ಠುರರಲ್ಲ. ಯಂತ್ರವನ್ನು ಬ್ಲಫ್‌ಗೆ ತನ್ನಿ. ಮೇಜು ಬೇಡ, ಬರಿ ನೆಲದ ಮೇಲಿಡಿ. ಬ್ಯಾಟರಿ ಬಿಚ್ಚಿ, ಮರೆಯಲ್ಲಿರುವ ವೈರು ಕೀಳಿ, ಒಂದೇ ಒಂದು ಬಲ್ಬನ್ನು ಬೆಳಗಿನವರೆಗೆ ಉರಿಸಿ ತೋರಿಸಿ.

ಆಲೆಮನೆ ಬಂಧುಗಳೇ, ಆ ಬೆಳಗಾಗುವವರೆಗೆ ದಯವಿಟ್ಟು ಯಾರೂ ಮುಂಗಡ ಕೊಡಬೇಡಿ.

ಇತಿ,
ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುವವನು