ಸರ್ಕೀಟ್ ಮಾಸ್ತರು

ಸರ್ಕೀಟು ಅಂದರೆ ನಮ್ಮ ಕಡೆ ಸಾಹೇಬರು ಜೀಪಿನಲ್ಲಿ ಊರೂರು ಸುತ್ತುವುದು. ನಮ್ಮ ಮಾಸ್ತರು ಮಾತ್ರ ಕೂತಲ್ಲೇ ಸರ್ಕೀಟು ಮಾಡುತ್ತಾರೆ. ಹುಟ್ಟಿದ್ದು ಸುರಪುರ, ವಿಜ್ಞಾನ ಕಲಿಸಿದ್ದು ಶಹಾಪುರದ ಸುತ್ತಮುತ್ತ, ನಿವೃತ್ತಿಯಾಗಿ ಮನೆ ಕಟ್ಟಿಸಿದ್ದು ಯಾದಗಿರಿಯಲ್ಲಿ, ನಮ್ಮ ಗೋಡೆಗೆ ಗೋಡೆ ಹಚ್ಚಿ. ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಸಾಮಾನನ್ನು ಮನೆಯಲ್ಲೇ ಎರಡು ಸಾವಿರ ಖರ್ಚು ಮಾಡಿ ತಯಾರಿಸಿ, "ಎಷ್ಟು ರೊಕ್ಕ ಉಳೀತು ನೋಡ್ರಿ" ಅನ್ನುವವರು.

ಗುರುತು ಹಿಡಿಯುವುದು ಸುಲಭ. ಹತ್ತೂ ಬೆರಳ ತುದಿ ಹಳದಿ. ಮದುವೆ ಮನೆಯಲ್ಲಿ ಕಂಡವರು ಅರಿಶಿನ ಅಂದುಕೊಳ್ಳುತ್ತಾರೆ. ಅದು ಫೆರಿಕ್ ಕ್ಲೋರೈಡು. ಬಿಳಿ ಧೋತರದ ಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕಿ. ಯಾವ ಸಬಕಾರಕ್ಕೂ ಜಗ್ಗುವುದಿಲ್ಲ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರು.

ಮಾಸ್ತರ ಉದ್ಯೋಗ ಹೇಳುವುದಕ್ಕೆ ಸರಳ. ಫೈಬರ್ ಹಲಗೆಯ ಮೇಲೆ ಕೂದಲಿಗಿಂತ ತೆಳ್ಳಗೆ, 35 ಮೈಕ್ರಾನ್ ದಪ್ಪದ ತಾಮ್ರ ಅಂಟಿರುತ್ತದೆ. ಬೇಕಾದ ಗೆರೆಗಳನ್ನು ಮುಚ್ಚಿ, ಉಳಿದ ತಾಮ್ರವನ್ನು ಫೆರಿಕ್ ಕ್ಲೋರೈಡಿನ ಬಾಯಿಗೆ ಕೊಡಬೇಕು. ಮುಚ್ಚಿದ ಗೆರೆಗಳೇ ಆಮೇಲೆ ವೈರುಗಳು, ಅದೇ ಸರ್ಕೀಟು ಬೋರ್ಡು. ಮಾಡುವುದು ಮಾತ್ರ ಒಂದು ಲಗ್ನದಷ್ಟು ಗದ್ದಲ. ಹೈದರಾಬಾದಿನ ಕೋಠಿಗೆ ಹೋಗಿ ಬೋರ್ಡು, ಪುಡಿ ತರಬೇಕು. ಝೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟು ತೆಗೆಸಬೇಕು, ಅದೂ ನುಣುಪು ಕಾಗದದ ಮೇಲೆ. ನುಣುಪು ಕಾಗದ ಇರುವುದು ಮಾಸ್ತರ ಹೆಂಡತಿ, ಅಂದರೆ ನಮ್ಮ ವೈನಿ, ಕೂಡಿಟ್ಟ ವಾರಪತ್ರಿಕೆಗಳಲ್ಲಿ. ಹೀಗಾಗಿ ಒಂದು ಧಾರಾವಾಹಿಯ ಕೊನೆಯ ಕಂತು ನೀರಿನ ಟ್ಯಾಂಕಿನ ಅಲಾರಮ್ಮಿಗೆ ಆಹುತಿಯಾಯಿತು. ಆ ಕತೆಯ ನಾಯಕಿ ಬದುಕಿದಳೋ ಸತ್ತಳೋ, ವೈನಿಗೆ ಇವತ್ತಿಗೂ ಗೊತ್ತಿಲ್ಲ.

ಹುಣಸೆಹಣ್ಣೂ ವೈನಿಯದೇ. ದೇವರ ತಂಬಿಗೆ ತಿಕ್ಕಲು ನೆನೆಹಾಕಿದ್ದರಲ್ಲಿ ಮಾಸ್ತರು ಮೊದಲು ಬೋರ್ಡು ತಿಕ್ಕಿಕೊಳ್ಳುತ್ತಾರೆ. ತಾಮ್ರ ಫಳಫಳ ಹೊಳೆಯಬೇಕು, ಆಮೇಲೆ ಬೆರಳು ತಾಗಬಾರದು. ಜಿಡ್ಡು ಹತ್ತಿದ ಕಡೆ ಮಸಿ ಕೂಡುವುದಿಲ್ಲ. ನಂತರ ಕಾಗದವನ್ನು ಬೋರ್ಡಿನ ಮೇಲೆ ಬೋರಲು ಹಾಕಿ ಇಸ್ತ್ರಿ. ಬಿಸಿಗೆ ಕಾಗದದ ಮಸಿ ಕರಗಿ ತಾಮ್ರಕ್ಕೆ ಹತ್ತುತ್ತದೆ. ಆರಿದ ಮೇಲೆ ನೀರಿನಲ್ಲಿ ನೆನೆಸಿ, ಹೆಬ್ಬೆರಳಿನಿಂದ ಕಾಗದವನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು. ಆ ಹೊತ್ತಿನಲ್ಲಿ ಮಾಸ್ತರ ಮುಖ ನೋಡಬೇಕು! ಹಸುಗೂಸಿಗೆ ಎಣ್ಣೆ ಹಚ್ಚುವ ಮುತ್ತಜ್ಜಿಯ ಮುಖ.

"ಇದು ಸುರಪುರದ ಕೈರೀ" ಅನ್ನುತ್ತಾರೆ. "ನಮ್ಮೂರ ಚಿತ್ರಗಾರರು ಚಿನ್ನದ ಹಾಳಿ ಹಚ್ಚಿ ಚಿತ್ರ ಬರೀತಿದ್ರು. ನಾ ತಾಮ್ರ ತೆಗೆದು ಬರೀತೀನಿ. ಅಷ್ಟ ಫರಕು."

ಫರಕು ಅಷ್ಟೇ ಅಲ್ಲ ಅಂತ ವೈನಿಯ ಅಭಿಪ್ರಾಯ. ಮೊದಲ ಸಲ ಫೆರಿಕ್ ಕ್ಲೋರೈಡ್ ಕಲಸಿಟ್ಟದ್ದು ಅವರ ಲಗ್ನದಲ್ಲಿ ಆಹೇರಿ ಬಂದ ಸ್ಟೀಲಿನ ಡಬ್ಬಿಯಲ್ಲಿ. ಅದು ಸ್ಟೀಲನ್ನೂ ಬಿಡುವುದಿಲ್ಲ ಅನ್ನುವುದನ್ನು ವಿಜ್ಞಾನದ ಮಾಸ್ತರು ಮರೆತಿದ್ದರು. ಡಬ್ಬಿಯ ಮೇಲೆ ಕೊರೆಸಿದ್ದ ಸೋದರಮಾವನ ಹೆಸರು ಉಳಿಯಿತು, ತಳ ಹೋಯಿತು. ಅಂದಿನಿಂದ ಪ್ಲಾಸ್ಟಿಕ್ ಬುಟ್ಟಿ.

ದ್ರಾವಣ ಬೆಚ್ಚಗಿದ್ದರೆ ತಾಮ್ರ ಬೇಗ ಕರಗುತ್ತದೆ. ಬೆಂಗಳೂರಿನವರು ಬುಟ್ಟಿಯನ್ನು ಬಿಸಿನೀರಿನಲ್ಲಿ ಇಡಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಮಾಳಿಗೆ ಮೇಲಿಟ್ಟರೆ ಸಾಕು, ಉಳಿದದ್ದನ್ನು ಸೂರ್ಯನಾರಾಯಣ ನೋಡಿಕೊಳ್ಳುತ್ತಾನೆ. ತೊಂದರೆ ಏನೆಂದರೆ ಅದೇ ಮಾಳಿಗೆ, ಅದೇ ಬಿಸಿಲಿಗೆ ವೈನಿ ಸಂಡಿಗೆ ಹಾಕುತ್ತಾರೆ. ಕಡು ಚಹಾದ ಬಣ್ಣದ ಬುಟ್ಟಿಗೂ ಬಿಳಿ ಸಂಡಿಗೆಗೂ ನಡುವೆ ಒಂದು ಇಟ್ಟಿಗೆ ಸಾಲು. ಅದನ್ನು ದಾಟಿದವರಿಗೆ ಆ ದಿನ ರೊಟ್ಟಿ ಇಲ್ಲ.

"ಮನಿಯಾಗ ಯಾರು ಮಾಡ್ತಾರ್ರೀ ಇದನ್ನ?" ಅಂತ ನಾನೊಮ್ಮೆ ಕೇಳಿ ಕೆಟ್ಟೆ. 1936ರಲ್ಲಿ ಪಾಲ್ ಐಸ್ಲರ್ ಅನ್ನುವವನು ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಕೂತು ಇಂಥದೇ ಬೋರ್ಡು ಹಾಕಿ ರೇಡಿಯೊ ಮಾಡಿದ ಕತೆ ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು. ಐಸ್ಲರನ ಕೋಣೆಯ ಪಕ್ಕ ಸಂಡಿಗೆ ಇತ್ತೇ ಅಂತ ಕೇಳುವ ಧೈರ್ಯವಾಗಲಿಲ್ಲ.

ಎರಡು ತಿಂಗಳ ತಪಸ್ಸಿಗೆ ಕೊನೆಗೆ ಬೋರ್ಡು ಒಲಿಯಿತು. ಆದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಮುದ್ರಿಸಬೇಕಿತ್ತು, ಮಾಸ್ತರು ಮರೆತಿದ್ದರು. ಎಡದ ಕಾಲು ಬಲಕ್ಕೆ, ಬಲದ್ದು ಎಡಕ್ಕೆ. ಇನ್ನೊಬ್ಬರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಮಾಸ್ತರು 555 ನಂಬರಿನ ಐಸಿಯನ್ನು ಅಂಗಾತ ಮಲಗಿಸಿ, ಮೇಲೆದ್ದ ಎಂಟು ಕಾಲಿಗೂ ಸಣ್ಣ ತಂತಿ ಹಾಕಿ ಬೆಸುಗೆ ಮಾಡಿದರು. "ಶಹಾಪುರದ ಗುಡ್ಡದಾಗ ಬುದ್ಧ ಮಲಗಿಲ್ಲೇನು? ಹಂಗ ಇದೂ" ಅಂದರು. ಎಂಟು ಕಾಲಿನ ಬುದ್ಧ! ಆದರೂ ಬಟನ್ ಒತ್ತಿದರೆ ಬಝರ್ ಕುಂಯ್ ಅಂದಿತು.

ಒಂದು ಮಾತಿಗೆ ಮಾತ್ರ ಅವರನ್ನು ಮೆಚ್ಚಬೇಕು. ಬಳಸಿ ಹಸಿರಾದ ದ್ರಾವಣವನ್ನು ಮೋರಿಗೆ ಸುರಿಯುವುದಿಲ್ಲ. "ತಾಮ್ರದ ನೀರು, ಭೀಮಾ ಹೊಳಿ ಸೇರಿದ್ರ ಮೀನ ಸಾಯ್ತಾವ" ಅನ್ನುತ್ತಾರೆ. ಕ್ಯಾನುಗಳಲ್ಲಿ ತುಂಬಿ, 'ವಿಷ' ಅಂತ ಬರೆದು ಬೀಗ ಹಾಕಿಡುತ್ತಾರೆ. ವಾಷಿಂಗ್ ಸೋಡಾ ಹಾಕಿ ತಳಕ್ಕೆ ಇಳಿದ ಗಸಿಯನ್ನು ಸಿಮೆಂಟಿನಲ್ಲಿ ಕಲಸಿ ಇಟ್ಟಿಗೆ ಮಾಡುತ್ತಾರೆ. ಸಂಡಿಗೆಯ ಗಡಿಯಲ್ಲಿರುವ ಇಟ್ಟಿಗೆಗಳು ಅವೇ.

ಟ್ಯಾಂಕು ತುಂಬಿದರೆ ಕೂಗುವ ಅಲಾರಂ ಹೀಗೆ ಮಾಳಿಗೆ ಏರಿತು. ಟ್ಯಾಂಕಿನ ಬಾಯಿಗೆ ಎರಡು ಬರಿ ತಂತಿ. ನೀರು ಮುಟ್ಟಿದರೆ ಕೂಗಬೇಕು. ಕೂಗಲಿಲ್ಲ. ದೋಷ ಬೋರ್ಡಿನದಲ್ಲ. ನಮ್ಮ ಓಣಿಗೆ ನಲ್ಲಿ ನೀರು ಬರುವ ಹದದಲ್ಲಿ ಯಾರ ಟ್ಯಾಂಕೂ ತುಂಬಿದ ದಾಖಲೆಯಿಲ್ಲ. ಐದು ವಾರ ಅದು ಮೌನವ್ರತ ಹಿಡಿಯಿತು.

ಒಂದು ಮಧ್ಯಾಹ್ನ ಮೂರು ಗಂಟೆ. ಓಣಿಗೆ ಓಣಿಯೇ ಉಂಡು ಮಲಗಿದೆ. ಇದ್ದಕ್ಕಿದ್ದಂತೆ ಕುಂಯ್ ಕುಂಯ್! ಮಾಸ್ತರು "ತುಂಬಿತು, ತುಂಬಿತು" ಅಂತ ಬನಿಯನ್ನಿನಲ್ಲೇ ಮೇಲೆ ಓಡಿದರು. ಟ್ಯಾಂಕು ಅರ್ಧವೂ ಇರಲಿಲ್ಲ. ಮೋಡ ಕವಿದು, ಅಡ್ಡಮಳೆಯ ಮೊದಲ ಹನಿ ತಂತಿಗಳ ಮೇಲೆ ಬಿದ್ದಿತ್ತು. ಹಿಂದೆಯೇ ಓಡಿ ಬಂದ ವೈನಿ ಸಂಡಿಗೆಯ ಚಾಪೆಯನ್ನು ಒಳಗೆಳೆದುಕೊಂಡರು. ಒಂದೂ ತೊಯ್ಯಲಿಲ್ಲ.

ಈಗ ನಮ್ಮ ಓಣಿಯಲ್ಲಿ ಮಾಳಿಗೆ ಮೇಲೆ ಸಂಡಿಗೆ, ತೊಗರಿ ಹರವುವವರು ಮೊದಲು ವೈನಿಯನ್ನು ಕೇಳುತ್ತಾರೆ: "ಮಾಸ್ತರ ಮಿಷನ್ ಚಾಲೂ ಅದ ಏನ್ರೀ?" ಸೆಲ್ಲು ಬದಲಿಸುವ ಖರ್ಚು ವೈನಿಯದು.