ಗೃಹವೈಮಾನಿಕ ಲಕ್ಷಣ

ಪ್ರಯಾಣಿಕರನ್ನು ಹೊತ್ತೊಯ್ಯುವ ದೊಡ್ಡ ವಿಮಾನದ ಚಾಲಕರ ಕೋಣೆಯನ್ನು, ಅಂದರೆ ಕಾಕ್‌ಪಿಟ್ಟನ್ನು, ಸ್ವಿಚ್ಚಿಗೆ ಸ್ವಿಚ್ಚು ದೀಪಕ್ಕೆ ದೀಪ ಎಂಬಂತೆ ಮನೆಯೊಳಗೆ ಕಟ್ಟಿ, ಅದನ್ನು ಕಂಪ್ಯೂಟರಿಗೆ ಜೋಡಿಸಿ, ನೆಲದಿಂದ ಒಂದಂಗುಲವೂ ಮೇಲೇಳದೆ ವಾರಕ್ಕೆ ಮೂರು ಸಲ ದೆಹಲಿಗೆ ಹೋಗಿಬರುವ ಸಂಸಾರಸ್ಥನನ್ನು ಇಲ್ಲಿ ಗೃಹವೈಮಾನಿಕನೆಂದು ಕರೆಯಲಾಗಿದೆ. ಈ ಬಗೆಯ ಮನುಷ್ಯ ಲೋಕದ ಎಲ್ಲ ಕಡೆಯೂ ಉಂಟಾದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಆತನ ಸ್ಥಿತಿಗೆ ಬೇರೆಡೆ ಸಿಗದ ಒಂದು ತಾತ್ವಿಕ ಸೊಗಸಿದೆ. ಈ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಹೆಸರುವಾಸಿಯಾದ ರನ್‌ವೇ ಎಂದರೆ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ 2017ರಲ್ಲಿ ವಿಧ್ಯುಕ್ತವಾಗಿ ತೆರೆದ ವೈಮಾನಿಕ ಪರೀಕ್ಷಾ ವಲಯದ್ದು, ಎಂದರೆ ಜನರ ಬಾಯಲ್ಲಿ ಎಟಿಆರ್ ಎನಿಸಿಕೊಂಡಿರುವ ಜಾಗದ್ದು. ಅಲ್ಲಿ ಮುಖ್ಯವಾಗಿ ಹಾರುವುದು ಚಾಲಕನಿಲ್ಲದ ವಿಮಾನ. ಹೊಳಲ್ಕೆರೆಯ ಮನೆಯೊಂದರ ಉಗ್ರಾಣದಲ್ಲಿ ಕುಳಿತಿರುವುದು ವಿಮಾನವಿಲ್ಲದ ಚಾಲಕ.

2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಾಗ, ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಆ ರನ್‌ವೇಯ ಮೇಲೆ ಇಳಿಯಿತು. 2024ರ ಜೂನ್‌ನಲ್ಲಿ ನಡೆದ ಮೂರನೆಯ ಪ್ರಯೋಗದಲ್ಲಿ, ಸಾಮಾನ್ಯ ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದರೆ ಪುಷ್ಪಕ್ ಎಂಬ ಆ ವಾಹನ 320ಕ್ಕೂ ಹೆಚ್ಚಿನ ವೇಗದಲ್ಲಿ ಮುಟ್ಟಿತು. ಇಂಥ ದಿನಗಳಲ್ಲಿ ಟೀ ಅಂಗಡಿಯ ಜನ ಗೃಹವೈಮಾನಿಕನನ್ನು ಪರಿಣತನೆಂದು ಬಗೆದು ವಿವರ ಕೇಳುವುದುಂಟು, ಆತನೂ ಗ್ಲಾಸು ಕೆಳಗಿಟ್ಟು ಅಂಗೈಯನ್ನೇ ವಿಮಾನವಾಗಿ ಓರೆಮಾಡಿ ವಿವರಿಸುವುದುಂಟು. ಆದರೆ ಒಂದು ಯಂತ್ರ ಯಾರ ನೆರವೂ ಇಲ್ಲದೆ ಇಳಿದದ್ದನ್ನು ಊರೆಲ್ಲ ಕೊಂಡಾಡುವುದು ಆತನ ಮನಸ್ಸಿಗೆ ಒಳಗೊಳಗೇ ಮುಳ್ಳಾಗಿ ಚುಚ್ಚುತ್ತದೆ, ಏಕೆಂದರೆ ನೆರವಾಗುವುದೇ ಆತನ ವ್ರತ.

ಈ ವ್ರತಕ್ಕೆ ಗುರುಪರಂಪರೆಯೂ ಇದೆ. ನೆಲದ ಮೇಲೆ ಕುಳಿತು ಹಾರಾಟ ಕಲಿಯುವ ಯಂತ್ರವನ್ನು 1929ರ ಹೊತ್ತಿಗೆ ರೂಪಿಸಿದ ಅಮೆರಿಕದ ಎಡ್ವಿನ್ ಲಿಂಕ್, ಪಿಯಾನೊ ಮತ್ತು ಆರ್ಗನ್ ತಯಾರಿಸುವವನ ಮಗ. ಆದ್ದರಿಂದ ಆತ ತನ್ನ ಪುಟ್ಟ ವಿಮಾನವನ್ನು ಅತ್ತಿತ್ತ ವಾಲಿಸಲು ಬಳಸಿದ್ದು ಅಪ್ಪನ ಕಾರ್ಖಾನೆಯ ತಿದಿಗಳನ್ನು, ಅಂದರೆ ನಾಟಕ ಕಂಪನಿಯ ಹಾರ್ಮೋನಿಯಂ ಒಳಗೆ ಗಾಳಿ ತುಂಬುವ ಅದೇ ಚರ್ಮದ ಮಡಿಕೆಗಳ ಅಣ್ಣತಮ್ಮಂದಿರನ್ನು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯಂಥ ಮನರಂಜನೆಯ ಜಾಗಗಳವರು. 1934ರಲ್ಲಿ ಅಂಚೆ ಸಾಗಿಸುವಾಗ ಮೋಡದೊಳಗೆ ದಿಕ್ಕು ಕಾಣದೆ ಅಮೆರಿಕದ ಸೇನೆಯ ಪೈಲಟ್‌ಗಳು ಸಾಲುಸಾಲಾಗಿ ಸತ್ತ ಮೇಲೆ ಸೇನೆ ಆರು ಯಂತ್ರಗಳನ್ನು ಕೊಂಡಿತು. 1979ರಲ್ಲಿ ಬ್ರೂಸ್ ಆರ್ಟ್‌ವಿಕ್ ಎಂಬಾತ ಇಡೀ ಹಾರಾಟವನ್ನು ಮನೆಯ ಕಂಪ್ಯೂಟರಿನೊಳಗೆ ತಂದ ಮೇಲೆ, ತಿದಿಯ ಅಗತ್ಯ ತಪ್ಪಿ ಪ್ಲೈವುಡ್ಡಿನ ಅಗತ್ಯ ಹುಟ್ಟಿತು.

ಪ್ಲೈವುಡ್ಡು ಮನೆಗೆ ಬಂದಿಳಿದ ದಿನವೇ ಗೃಹವೈಮಾನಿಕನ ನಿಜವಾದ ಚರಿತ್ರೆ ಆರಂಭವಾಗುತ್ತದೆ. ಅಡಿಕೆ ಮೂಟೆ, ಹಳೆಯ ತೊಟ್ಟಿಲು, ಸತ್ಯನಾರಾಯಣ ಪೂಜೆಯ ಬಾಳೆಕಂಬ ಕಟ್ಟುವ ಚೌಕಟ್ಟುಗಳಿದ್ದ ಕೋಣೆ ಖಾಲಿಯಾಗುತ್ತದೆ, ಬಡಗಿ ಬಂದು ನಕ್ಷೆಯನ್ನು ತಲೆಕೆಳಗು ಮಾಡಿ ನೋಡಿ, “ಇದು ಯಾವ ದೇವ್ರ ಮಂಟಪ ಸ್ವಾಮಿ?” ಎಂದು ಕೇಳುತ್ತಾನೆ. ಪ್ರಶ್ನೆ ತಪ್ಪೆನ್ನಲಾಗದು. ಗುಜರಿಯಿಂದ ಹಳೆಯ ವ್ಯಾನಿನ ಸೀಟು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ವಿಚ್ಚು, ಎಲ್‌ಇಡಿ, ವೈರುಗಳ ಚೀಲ, ನಂಬರ್ ಪ್ಲೇಟ್ ಬರೆಯುವ ಅಂಗಡಿಯಿಂದ ಅಕ್ರಿಲಿಕ್ ಹಲಗೆ ಬರುತ್ತವೆ. ಆ ಹಲಗೆಗೆ ಬಣ್ಣ ಬಳಿದು ಅಕ್ಷರಗಳಿರುವಲ್ಲಿ ಮಾತ್ರ ಬಣ್ಣವನ್ನು ಲೇಸರಿನಿಂದ ಸುಟ್ಟು ತೆಗೆದರೆ, ಹಿಂದಿನಿಂದ ಬೆಳಕು ಹಾಯಿಸಿದಾಗ ಅಕ್ಷರಗಳಷ್ಟೇ ಹೊಳೆಯುತ್ತವೆ. ಬಣ್ಣದ ವಿಷಯದಲ್ಲಿ ಮಾತ್ರ ಆತನದು ಮಡಿವಂತಿಕೆ. ಬೋಯಿಂಗ್ ಫಲಕಗಳ ಬೂದು ಕಂದೂ ಅಲ್ಲದ ಬಿಳಿಯೂ ಅಲ್ಲದ ಒಂದು ವಿಚಿತ್ರ ವರ್ಣವಾದ್ದರಿಂದ, ಪೇಂಟಿನ ಅಂಗಡಿಯವನು ಹನ್ನೊಂದನೆಯ ಡಬ್ಬ ಕಲಸಿ “ಬೂದಿ ಬಣ್ಣ ಅಂದ್ರೆ ಬೂದಿ ಬಣ್ಣ ಅಣ್ಣಾ, ಅದ್ರಾಗೇನೈತೆ” ಎನ್ನುವವರೆಗೂ ಆತ ತಲೆಯಾಡಿಸುತ್ತಲೇ ಇರುತ್ತಾನೆ.

ಈ ಪಂಥದಲ್ಲಿ ದ್ವೈತಾದ್ವೈತಗಳಷ್ಟೇ ಗಂಭೀರವಾದ ಒಂದು ಭೇದವೂ ಇದೆ: ಎದೆಯ ಮುಂದೆ ಚುಕ್ಕಾಣಿ ಹಿಡಿದು ಹಾರಿಸುವ ಬೋಯಿಂಗ್ 737ರವರು, ಪಕ್ಕದಲ್ಲಿರುವ ಗೇಣುದ್ದದ ಕಡ್ಡಿಯಿಂದ ಹಾರಿಸುವ ಏರ್‌ಬಸ್ 320ರವರು. ಹೊಸದುರ್ಗದ ಬೋಯಿಂಗ್‌ನವನೂ ಹಿರಿಯೂರಿನ ಏರ್‌ಬಸ್‌ನವನೂ ಒಂದೇ ಮದುವೆಯ ಪಂಕ್ತಿಯಲ್ಲಿ ಕೂತರೆ ಪಾಯಸ ಆರುತ್ತದೆ. ಬೋಯಿಂಗ್ ಪಕ್ಷದವನ ಮನೆಯನ್ನು ಶಬ್ದದಿಂದಲೇ ಗುರುತಿಸಬಹುದು. ವಿಮಾನದ ಮೂತಿಯ ಏರಿಳಿತವನ್ನು ಸಮತೋಲನದಲ್ಲಿಡಲು ಆಸನದ ಪಕ್ಕ ತಿರುಗುವ ಟ್ರಿಮ್ ಚಕ್ರ ಅಸಲಿ ವಿಮಾನದಲ್ಲೇ ಗಡಗಡ ಎನ್ನುವಂಥದ್ದು, ಹಳೆಯ ಮಿಕ್ಸಿಯ ಮೋಟಾರು ಜೋಡಿಸಿದ ಮೇಲಂತೂ ನೆರೆಯವರು ಹಬ್ಬ ಯಾವುದೆಂದು ವಿಚಾರಿಸುತ್ತಾರೆ.

ಮರಗೆಲಸ ಮುಗಿದರೂ ಮುಖ್ಯವಾದ ಕಷ್ಟ ಮುಂದೆಯೇ ಇದೆ. ಸ್ವಿಚ್ಚುಗಳ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸಲು ಆತ ನಂಬುವುದು ಆರ್ಡುಯಿನೊ ಎಂಬ ಅಂಗೈಯಗಲದ ಎಲೆಕ್ಟ್ರಾನಿಕ್ ಹಲಗೆಯನ್ನು. ಅದರ ದೊಡ್ಡ ಮಾದರಿಗೆ ಇಂಥ ಸುದ್ದಿ ಹಿಡಿಯುವ 54 ಕಾಲುಗಳಿದ್ದರೂ ತಲೆಯ ಮೇಲಿನ ಫಲಕವೊಂದಕ್ಕೇ ಅದು ಸಾಲದೆ ಎರಡು ಮೂರು ಬೇಕಾಗುತ್ತವೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಕುಪ್ಪಳಿಕೆಯದು. ಗುಂಡಿಯನ್ನು ಒತ್ತಿದಾಗ ಒಳಗಿನ ಲೋಹದ ನಾಲಗೆ ಒಮ್ಮೆಗೇ ಕೂರದೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತದೆ. ಮನುಷ್ಯನ ಗಮನಕ್ಕೆ ಬಾರದ ಈ ಪುಟಿತವನ್ನು ಹಲಗೆಯು ಬೇರೆ ಬೇರೆ ಒತ್ತುಗಳೆಂದು ಪ್ರಾಮಾಣಿಕವಾಗಿ ಎಣಿಸುವುದರಿಂದ, ಆಟೋಪೈಲಟ್ ಗುಂಡಿಯನ್ನು ಒಂದು ಸಲ ಒತ್ತಿದರೆ ಅದು ಹತ್ತಿ, ಆರಿ, ಮತ್ತೆ ಹತ್ತಿ, ಕೊನೆಗೆ ಯಾವ ಸ್ಥಿತಿಯಲ್ಲಿ ನಿಂತಿತೆಂಬುದು ದೈವಚಿತ್ತಕ್ಕೆ ಬಿಟ್ಟ ವಿಷಯವಾಗುತ್ತದೆ. ಇದಕ್ಕೆ ಪರಿಹಾರವೆಂದರೆ, ಮೊದಲ ಒತ್ತನ್ನು ಕೇಳಿಸಿಕೊಂಡ ನಂತರ ಸ್ವಲ್ಪ ಹೊತ್ತು ಕಿವುಡಾಗಿರು ಎಂದು ಪ್ರೋಗ್ರಾಮಿನಲ್ಲಿ ಬರೆಯುವುದು. ಈ ನಿಯಮವನ್ನು ಆತ ಎಷ್ಟು ಚೆನ್ನಾಗಿ ಮನನ ಮಾಡಿಕೊಂಡಿರುತ್ತಾನೆಂದರೆ, ಅಡುಗೆಮನೆಯಿಂದ “ಏನ್ರೀ” ಎಂಬ ಮೊದಲ ಕೂಗಿಗೆ “ಹೂಂ” ಎಂದವನು ಅನಂತರದ ಏಳು ಕೂಗುಗಳನ್ನು ಕುಪ್ಪಳಿಕೆಯೆಂದೇ ಬಗೆಯುತ್ತಾನೆ.

ಹಾರಾಟದ ಕ್ರಮವಂತೂ ಶ್ರಾದ್ಧದ ಕ್ರಮಕ್ಕಿಂತ ಕಟ್ಟುನಿಟ್ಟು. ಗ್ಯಾಸ್ ಒಲೆ ಆರಿಸದೆ ಊರಿಗೆ ಹೊರಟು ಅರ್ಧ ದಾರಿಯಿಂದ ವಾಪಸಾದ ಇತಿಹಾಸವಿರುವ ಈತ, ಎಂಜಿನ್ ಶುರುಮಾಡುವ ಮುನ್ನ ಪರಿಶೀಲನಾ ಪಟ್ಟಿಯ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಸಹಚಾಲಕನಿಲ್ಲದ ಕಾರಣ ಉತ್ತರವನ್ನೂ ತಾನೇ ಧ್ವನಿ ಬದಲಿಸಿ ಹೇಳಿಕೊಳ್ಳುತ್ತಾನೆ. ಲೋಕದ ಯಾವುದೋ ಮೂಲೆಯ ಹವ್ಯಾಸಿಗಳು ವಾಯುಸಂಚಾರ ನಿಯಂತ್ರಕರಾಗಿ ಕೂತು ಇಂಥವರಿಗೆ ಇಳಿಯಲು ಅಪ್ಪಣೆ ಕೊಡುವ ವ್ಯಾಟ್‌ಸಿಮ್ ಎಂಬ ಜಾಲವೊಂದು 2001ರಿಂದ ನಡೆಯುತ್ತಿದ್ದು, ಅಲ್ಲಿ ಒಂಬತ್ತನ್ನು ಬೇರೆ ಪದದೊಂದಿಗೆ ಗೊಂದಲವಾಗದಂತೆ ‘ನೈನರ್’ ಎನ್ನಬೇಕೆಂಬ ಅಂತರರಾಷ್ಟ್ರೀಯ ರೇಡಿಯೊ ನಿಯಮ ನಾಲಗೆಗೆ ಎಷ್ಟು ಅಂಟಿರುತ್ತದೆಂದರೆ, ಸಿಲಿಂಡರ್ ತರುವ ಹುಡುಗನಿಗೆ ಫೋನ್ ನಂಬರ್ ಹೇಳುವಾಗಲೂ ಆತ ನೈನರ್ ನೈನರ್ ಎಂದು ಹುಡುಗನನ್ನು ದಿಗ್ಭ್ರಮೆಗೊಳಿಸುತ್ತಾನೆ. ಬೆಂಗಳೂರಿನಿಂದ ದೆಹಲಿಗೆ ಅಸಲಿ ವಿಮಾನಕ್ಕೆ ತಗಲುವ ಎರಡೂವರೆ ಗಂಟೆಗೂ ಮೀರಿದ ಹೊತ್ತು ಇದಕ್ಕೂ ತಗಲುತ್ತದೆ. ವೇಗ ಹೆಚ್ಚಿಸುವ ಸೌಲಭ್ಯವಿದ್ದರೂ ಅದನ್ನು ಬಳಸುವುದು ಅಪಚಾರ. ಹೀಗಾಗಿ ಮೂವತ್ತಾರು ಸಾವಿರ ಅಡಿ ಎತ್ತರದಲ್ಲಿ, ತೊಡೆಯ ಮೇಲೆ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವಿಟ್ಟುಕೊಂಡು ಕುಳಿತವನನ್ನು ಮನೆಯವರು ಮೊಸರಿಗೆ ಅಟ್ಟಿದಾಗ, ನಾಗಪುರದ ಆಸುಪಾಸಿನಲ್ಲಿರುವ ನೂರೆಂಬತ್ತು ಮಂದಿ ಕಾಲ್ಪನಿಕ ಪ್ರಯಾಣಿಕರು ಅರ್ಧ ಗಂಟೆ ಆಟೋಪೈಲಟ್ಟಿನ ಭರವಸೆಯಲ್ಲೇ ಇರಬೇಕಾಗುತ್ತದೆ. ಕರೆಂಟು ಹೋದರೆ ಅದೂ ಇಲ್ಲ.

ಭಾನುವಾರಗಳಲ್ಲಿ ಆತ ಸ್ವಂತ ನಾಡಿನ ಮೇಲೆ ಕೆಳಮಟ್ಟದಲ್ಲಿ ಹಾರುತ್ತಾನೆ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ದಾಟಿ ರಾಮಗಿರಿಯತ್ತ ತಿರುಗಿದರೆ, ಕರಿಸಿದ್ಧೇಶ್ವರನ ಗುಡಿಯಿಲ್ಲದ ಬರಿಯ ಗುಡ್ಡವೊಂದು ಕಂಪ್ಯೂಟರಿನ ಭೂಪಟದಲ್ಲಿ ನಿಂತಿರುತ್ತದೆ. ಆತ ಆದರೂ ಬಲಗೈಯನ್ನು ಒಂದು ಕ್ಷಣ ಎದೆಗೆ ತಂದು ಮುಂದೆ ಸಾಗುತ್ತಾನೆ. ಮಾರಿಕಣಿವೆ ಜಲಾಶಯ 1933ರ ನಂತರ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು, ಆದರೆ ಈ ಭೂಪಟದಲ್ಲಿ ಅದು ಮೇ ತಿಂಗಳಲ್ಲೂ ಅದೇ ಮಟ್ಟದಲ್ಲಿ ತಣ್ಣಗಿರುವುದನ್ನು ಕಂಡು ಹಿರಿಯೂರಿನ ಕಡೆಯ ನೆಂಟರೊಬ್ಬರು, ಇಂಥ ಯಂತ್ರವನ್ನು ನೀರಾವರಿಯವರ ಕೈಗೆ ಕೊಡಬಾರದೇ ಎಂದು ಕೇಳಿದರೆ ಅದನ್ನು ಕುಹಕವೆನ್ನಲಾಗದು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಡಿಆರ್‌ಡಿಒದ ತಪಸ್ ಎಂಬ ಚಾಲಕನಿಲ್ಲದ ವಿಮಾನ ಹೊಲಕ್ಕೆ ಬಿದ್ದಾಗ ಚಾಲಕನನ್ನು ಹುಡುಕುವ ಪ್ರಮೇಯವಿರಲಿಲ್ಲ. ಗೃಹವೈಮಾನಿಕ ಬಿದ್ದಾಗ ವಿಮಾನವನ್ನು ಹುಡುಕುವ ಪ್ರಮೇಯವಿಲ್ಲ.

ಇಂಥವನು ನಿಜವಾದ ವಿಮಾನ ಹತ್ತುವ ಪ್ರಸಂಗ ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣ ತೆರೆದ ಮೇಲೆ ಸುಲಭವಾಯಿತು. ಕುಟುಂಬಸಮೇತ ಹೊರಟವನು ದಾರಿಯುದ್ದಕ್ಕೂ ಹೆಂಡತಿಗೆ ರೆಕ್ಕೆಯ ಫ್ಲ್ಯಾಪುಗಳ ಒಂಬತ್ತು ಹಂತಗಳನ್ನು ಬೋಧಿಸಿರುತ್ತಾನೆ. ಅಲ್ಲಿ ನಿಂತಿರುವುದಾದರೋ ಎರಡು ಪ್ರೊಪೆಲ್ಲರುಗಳ ಎಟಿಆರ್ 72. ಚಳ್ಳಕೆರೆಯ ಹೆಸರು ಹೊತ್ತೇ ಎದುರಾದ ಆ ವಿಮಾನದ ಒಂದು ಗುಂಡಿಯ ಪರಿಚಯವೂ ಆತನಿಗಿಲ್ಲ. ಸಾಲದ್ದಕ್ಕೆ ಅದರಲ್ಲಿ ಪ್ರಯಾಣಿಕರು ಹತ್ತುವುದು ಹಿಂಬಾಗಿಲಿನಿಂದ, ಕಾಕ್‌ಪಿಟ್ಟಿಗೆ ಇಣುಕುವ ಆಸೆಯೂ ಅಲ್ಲಿಗೆ ಮುಗಿಯುತ್ತದೆ. ಬೆಂಗಳೂರು ಬರುವವರೆಗೆ ಆತ ತುಟಿ ಬಿಚ್ಚುವುದಿಲ್ಲ. “ಯಾಕ್ರೀ, ಹುಷಾರಿಲ್ವಾ?” ಎಂದು ಹೆಂಡತಿ ಎರಡು ಸಲ ಕೇಳಿ, ಕಿಟಕಿಯಾಚೆ ತಿರುಗುವ ರೆಕ್ಕೆಗಳ ಮೇಲೆ ನೆಟ್ಟ ಆ ಕಣ್ಣುಗಳನ್ನು ಕಂಡು, ಊರಿಗೆ ಮರಳಿದೊಡನೆ ಉಗ್ರಾಣದ ಪಕ್ಕದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.