ಮೇಷ್ಟ್ರಿಗೆ ಗ್ರೇಡ್ ಒನ್

ಗೋಡೆಯಾಚೆಯಿಂದ ಮೇಷ್ಟ್ರು ಕೂಗಿದರು: “ಏನ್ರೀ, ನಂದು ಗ್ರೇಡ್ ಒನ್ ಬಂತು!” ಜೀವಮಾನವೆಲ್ಲ ಮಕ್ಕಳಿಗೆ ಅಂಕ ಹಾಕಿ ನಿವೃತ್ತರಾದವರು. ಪಿಂಚಣಿಯದ್ದೇ ಏನೋ ಇರಬೇಕೆಂದು “ಭೇಷ್ ಆತು ಬಿಡ್ರಿ” ಅಂದುಬಿಟ್ಟೆ. ಆಮೇಲೆ ಗೊತ್ತಾಯಿತು, ಅದು ಸ್ಕ್ಯಾನಿಂಗ್ ರಿಪೋರ್ಟು. ಫ್ಯಾಟಿ ಲಿವರ್.

“ಕುಡಿತ ಇಲ್ಲ, ಬೀಡಿ ಇಲ್ಲ, ನನಗ್ಯಾಕ ಬಂತ್ರಿ?” ಅಂತ ಅವರ ಸಂಕಟ. ಕುಡಿಯದವರಿಗೂ ಬರುತ್ತೆ ಅಂತಲೇ ಈ ಕಾಯಿಲೆಯ ಹೆಸರಿನಲ್ಲಿ ‘ಆಲ್ಕೋಹಾಲ್ ಅಲ್ಲದ’ ಅನ್ನೋ ಬಾಲಂಗೋಚಿ ಇತ್ತು. 2023ರಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಕೂತು ಆ ಹೆಸರನ್ನೇ ಬದಲಾಯಿಸಿದರು. ಹೆಸರು ಬದಲಾದರೆ ಏನಾಗುತ್ತೆ ಬಿಡಿ. 2014ರಲ್ಲಿ ನಮ್ಮೂರು ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು, ಬಿಸಿಲೇನಾದರೂ ಕಮ್ಮಿ ಆಯ್ತಾ?

ಸುದ್ದಿ ಹಬ್ಬಿದ್ದೇ ತಡ, ಮದ್ದಿನ ಮೆರವಣಿಗೆ ಶುರು. ಸಿರುಗುಪ್ಪದಿಂದ ಅವರ ಅಕ್ಕ ಗದ್ದೆ ಬದುವಿನ ನೆಲನೆಲ್ಲಿ ಬೇರುಸಹಿತ ಕಿತ್ತು ತಂದರು. ಕುರುಗೋಡಿನ ಬೀಗರು ದೊಡ್ಡ ಬಸವೇಶ್ವರನ ಪ್ರಸಾದದ ಜೊತೆ ಒಂದು ಮಾರು ಅಮೃತಬಳ್ಳಿ ಕಳಿಸಿದರು. ಬೆಂಗಳೂರಿನ ಮಗನಂತೂ ಡಬ್ಬಿಗಟ್ಟಲೆ ಕ್ಯಾಪ್ಸೂಲು ತರಿಸಿಕೊಟ್ಟ: ಒಂದರಲ್ಲಿ ಯಾವುದೋ ಮುಳ್ಳುಗಿಡದ ಬೀಜದ ಸಿಲಿಮರಿನ್, ಇನ್ನೊಂದರಲ್ಲಿ ಮೆಣಸು ಬೆರೆಸಿದ ಅರಿಶಿಣದ ಸಾರ. ಆದರೆ ತಮಾಷೆ ಕೇಳಿ. ಅಕ್ಕ ಬಂದಿಳಿದ ಆಟೋದಲ್ಲಿ ನೆಲನೆಲ್ಲಿಯ ಪಕ್ಕದಲ್ಲೇ 25 ಕೆಜಿಯ ಸೋನಾ ಮಸೂರಿ ಮೂಟೆಯೂ ಇತ್ತು! ರೋಗವೂ ಮದ್ದೂ ಒಂದೇ ಆಟೋದಲ್ಲಿ, ಒಂದೇ ಬಾಡಿಗೆಯಲ್ಲಿ.

ಅನ್ನವನ್ನೇ ಬೈತೀನಿ ಅಂದುಕೋಬೇಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ನೀರು ನಿಂತು, ಕಾಲುವೆ ಹರಿದ ಮೇಲೆ ತಾನೇ ಸಿರುಗುಪ್ಪ ಭತ್ತದ ಕಣಜವಾದದ್ದು? ಅದಕ್ಕೂ ಮುಂಚೆ ನಮ್ಮ ಅಜ್ಜಿಯಂಥವರಿಗೆ ಅನ್ನ ಅಂದರೆ ಹಬ್ಬ, ದಿನಾ ಜೋಳದ ರೊಟ್ಟಿ. ಅದೂ ಎರಡು ರೊಟ್ಟಿ ತಿಂದು ನಾಲ್ಕು ರೊಟ್ಟಿಯ ಕೆಲಸ. ಈಗ ತಾಟಿನ ತುಂಬ ಅನ್ನ, ಸಂಜೆಗೆ ಒಗ್ಗರಣಿ-ಮಿರ್ಚಿ, ಕೆಲಸ ಮಾತ್ರ ಟಿವಿ ರಿಮೋಟಿನದ್ದು. ಖರ್ಚಾಗದೆ ಉಳಿದದ್ದನ್ನು ಲಿವರು ಕೊಬ್ಬು ಮಾಡಿ ಗೋದಾಮಿಗೆ ತುಂಬುತ್ತೆ. ಪಾಪ, ಅದರ ತಪ್ಪೇನು?

ನೆಲನೆಲ್ಲಿ ಅಂದಾಗ ನೆನಪಾಯಿತು. ಹುಡುಗನಾಗಿದ್ದಾಗ ನನಗೆ ಕಾಮಾಲೆ ಆಗಿತ್ತು. ಅಜ್ಜಿ ಆ ಗಿಡವನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದಳು. ಎಲೆ ಮಗುಚಿದರೆ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲು. ಅದನ್ನು ಎಣಿಸುತ್ತಾ ಕೂರೋದೇ ನನ್ನ ಕೆಲಸ, ಸಾಲಿ ತಪ್ಪಿತಲ್ಲ! ಮೂರು ವಾರಕ್ಕೆ ಗುಣವಾದೆ, ಶಹಬ್ಬಾಸ್‌ಗಿರಿ ಗಿಡಕ್ಕೆ ಹೋಯಿತು. ಆ ಜಾತಿಯ ಕಾಮಾಲೆ ಬಹುಪಾಲು ತಾನಾಗೇ ವಾಸಿಯಾಗುತ್ತೆ ಅಂತ ಅಜ್ಜಿಗೆ ಹೇಳೋ ಧೈರ್ಯ ಯಾರಿಗಿತ್ತು? ಗಿಡವೇನು ಸಾಮಾನ್ಯದ್ದಲ್ಲ ಮತ್ತೆ. 1988ರಲ್ಲಿ ಮದ್ರಾಸಿನ ಸಂಶೋಧಕರು, ನೊಬೆಲ್ ಪಡೆದ ಬ್ಲಂಬರ್ಗ್ ಜೊತೆಗೂಡಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಹೆಪಟೈಟಿಸ್ ಬಿ ಇದ್ದು ನೆಲನೆಲ್ಲಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತೇ ಮಾಯ! ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಜಾದೂ ಮತ್ತೆ ಆಗಲಿಲ್ಲ. ಅಷ್ಟಕ್ಕೂ ಕಾಮಾಲೆಯ ಲೆಕ್ಕ ಬೇರೆ, ಕೊಬ್ಬಿನ ಲೆಕ್ಕ ಬೇರೆ ಅಲ್ವಾ?

“ಗಿಡಮೂಲಿಕೆ ಅಲ್ಲೇನ್ರೀ, ಆದರೆ ಗುಣ, ಇಲ್ಲದಿದ್ದರೆ ತ್ರಾಸಂತೂ ಇಲ್ಲ” ಅಂದರು ಮೇಷ್ಟ್ರು. ಇದೇ ಮಾತಿಗೆ ನಾನು ಗೋಡೆ ಹತ್ತಿದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದ ಆರು ಮಂದಿಯ ಲಿವರು ಕೆಟ್ಟಿತ್ತು ಅಂತ ಮುಂಬೈ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ, ಅದು ಅಮೃತಬಳ್ಳಿಯೇ ಅಲ್ಲದೆ, ನೋಡೋಕೆ ಹಾಗೇ ಇರೋ ಬೇರೆ ಬಳ್ಳಿ ಇರಬಹುದು ಅಂದಿತು. ಸರಿಯಪ್ಪಾ, ಬೀಗರ ಬೇಲಿಯದ್ದು ಯಾವ ಬಳ್ಳಿ ಅಂತ ಹೇಳೋರ್ಯಾರು? ಸಾರಿಗೆ ಹಾಕೋ ಚಿಟಿಕೆ ಅರಿಶಿಣ ಬೇರೆ, ಸಾರ ಇಳಿಸಿದ ಮಾತ್ರೆ ಬೇರೆ. ಆ ಮೆಣಸು-ಅರಿಶಿಣದ ಮಾತ್ರೆ ನುಂಗಿ ಅಮೆರಿಕದಲ್ಲಿ ಕೆಲವರು ಆಸ್ಪತ್ರೆ ಸೇರಿದ್ದಾರೆ. ಲಿವರಿಗೆ ಅಂತ ತಿಂದದ್ದನ್ನೂ ಕೊನೆಗೆ ಅರಗಿಸೋದು ಲಿವರೇ. ಬಾಣಂತಿಯನ್ನು ನೋಡೋಕೆ ಬಂದವರ ಎಂಜಲು ತಾಟನ್ನು ಬಾಣಂತಿಯೇ ತೊಳೆದಂಗೆ.

ಊರಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೇ ಐತಲ್ರಿ, ರಿಪೋರ್ಟು ಹಿಡಕೊಂಡು ಅಲ್ಲಾದರೂ ಹೋಗಿ ಕೇಳ್ರಿ ಅಂದೆ. ಮೇಷ್ಟ್ರು ಕೇಳಲಿಲ್ಲ. ಅಕ್ಕನ ನೆಲನೆಲ್ಲಿಗೇ ಜೈ ಅಂದರು. ಡಬ್ಬಿಗಳು ಮಾತ್ರ ಕಪಾಟು ಸೇರಿದವು.

ಎರಡು ತಿಂಗಳಾದ ಮೇಲೆ ಮತ್ತೆ ಗೋಡೆಯಾಚೆಯಿಂದ ಕೂಗು: “84 ಇದ್ದದ್ದು 80ಕ್ಕೆ ಬಂತ್ರೀ! ಅಕ್ಕನ ಗಿಡ ಅಂದ್ರ ಗಿಡ!” ನೂರಕ್ಕೆ ಏಳರಿಂದ ಹತ್ತು ಪಾಲು ತೂಕ ಇಳಿದರೆ ಲಿವರು ನಿಜಕ್ಕೂ ಹಗುರಾಗುತ್ತೆ ಅಂತಾರೆ ಡಾಕ್ಟರುಗಳು. ಮೇಷ್ಟ್ರು ಅರ್ಧ ದಾರಿ ದಾಟಿದ್ದರು. ಹೆಂಗಾಯ್ತು ಅಂತ ಕೆದಕಿದೆ. ಅಕ್ಕ ಗಿಡದ ಜೊತೆ ಪಥ್ಯವನ್ನೂ ಕಟ್ಟಿಕೊಟ್ಟಿದ್ದರಂತೆ: ಕರಿದದ್ದು ಮುಟ್ಟಂಗಿಲ್ಲ, ಸಕ್ಕರೆ ಚಹಾ ಬಂದ್, ರಾತ್ರಿ ಒಂದೇ ರೊಟ್ಟಿ, ಕಷಾಯ ಕುಡಿದ ಮೇಲೆ ಕೋಟೆ ಗುಡ್ಡದ ತನಕ ನಡಿಗೆ.

ಮಗನ ಡಬ್ಬಿಯ ಮೇಲೆ ಏನೇನೋ ಅಚ್ಚಾಗಿತ್ತು. ಪಥ್ಯ ಒಂದಿರಲಿಲ್ಲ.

“ಅಂದ್ರ ಮೇಷ್ಟ್ರೇ, ಆ 25 ಕೆಜಿ ಅಕ್ಕಿ?” ಅಂದೆ. ಅವರು ದನಿ ತಗ್ಗಿಸಿದರು: “ಹಂಗೇ ಐತ್ರಿ. ಅಕ್ಕಗ ಹೇಳಬ್ಯಾಡ್ರಿ. ಒಂದೈದು ಸೇರು ನಿಮ್ಮ ಮನಿಗೆ ಕೊಟ್ಟು ಕಳಿಸ್ಲೇನು?”